ಸದ್ದಿಲ್ಲದ ಗಾಡಿಯೂ ಮಿದುಳಿನ ಮುನ್ನಂದಾಜೂ

ವಿದ್ಯುತ್ ವಾಹನಗಳು ಕಡಿಮೆ ವೇಗದಲ್ಲಿ ಓಡುವಾಗ ದಾರಿಹೋಕರಿಗೆ ಕೇಳಿಸುವಂತೆ ಕೃತಕ ಸದ್ದು ಹೊರಡಿಸಬೇಕು ಎನ್ನುವ ಕರಡು ಅಧಿಸೂಚನೆಯನ್ನು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅದರ ಪ್ರಕಾರ ಕಾರು, ಬಸ್ಸು, ಲಾರಿಗಳ ವರ್ಗಗಳಿಗೆ ಸೇರಿದ ಹೊಸ ಮಾದರಿಯ ವಿದ್ಯುತ್ ವಾಹನಗಳಿಗೆ 2026ರ ಅಕ್ಟೋಬರ್ 1ರಿಂದಲೂ, ಈಗಾಗಲೇ ಮಾರಾಟವಾಗುತ್ತಿರುವ ಮಾದರಿಗಳಿಗೆ 2027ರ ಅಕ್ಟೋಬರ್ 1ರಿಂದಲೂ ‘ಎವಿಎಎಸ್’ ಎಂಬ ಸದ್ದಿನ ಸಾಧನ ಕಡ್ಡಾಯವಾಗಬೇಕು. ಯುರೋಪಿನಲ್ಲಿ ಇಂಥದೇ ನಿಯಮ 2019ರ ಜುಲೈಯಿಂದ ಹೊಸ ಮಾದರಿಗಳಿಗೂ, 2021ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಜಾರಿಯಲ್ಲಿದೆ. ಅಮೆರಿಕದ ಕಾಂಗ್ರೆಸ್ಸು 2010ರಲ್ಲೇ ಈ ಬಗ್ಗೆ ಕಾಯ್ದೆಯನ್ನು ಅಂಗೀಕರಿಸಿತ್ತು.

ಕಿವಿ ಗಡಚಿಕ್ಕುವ ಹಾರ್ನ್‌ಗಳ ನಡುವೆ ಬದುಕುತ್ತಿರುವ ನಮಗೆ, ಅಪರೂಪಕ್ಕೆ ಸದ್ದಿಲ್ಲದ ಗಾಡಿ ಬಂದಿರುವಾಗ ಅದಕ್ಕೂ ಒಂದು ಸದ್ದು ಜೋಡಿಸುವುದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಶಬ್ದಮಾಲಿನ್ಯದ ಹೆಸರಿನಲ್ಲಿ ಇದನ್ನು ವಿರೋಧಿಸುವವರಿದ್ದಾರೆ. ಪಾದಚಾರಿಗಳ, ಅದರಲ್ಲೂ ದೃಷ್ಟಿಹೀನರ ಸುರಕ್ಷತೆಯ ಹೆಸರಿನಲ್ಲಿ ಸಮರ್ಥಿಸುವವರಿದ್ದಾರೆ. ಇಬ್ಬರೂ ಹಿಡಿದುಕೊಂಡಿರುವ ಪ್ರಶ್ನೆ ಮಾತ್ರ ಒಂದೇ: ಗಾಡಿ ಕೇಳಿಸುತ್ತದೆಯೋ ಇಲ್ಲವೋ? ನನ್ನ ದೃಷ್ಟಿಯಲ್ಲಿ ಈ ಪ್ರಶ್ನೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ರಸ್ತೆಯ ಅಂಚಿನಲ್ಲಿ ನಿಂತವರಿಗೆ ಗಾಡಿ ಇದೆ ಎಂದು ತಿಳಿದರೆ ಸಾಲದು. ಅದು ಇನ್ನೆಷ್ಟು ಹೊತ್ತಿಗೆ ತಮ್ಮೆದುರಿಗೆ ಬರುತ್ತದೆ, ಬರುವಷ್ಟರಲ್ಲಿ ವೇಗ ಏರಿಸಿಕೊಳ್ಳುತ್ತದೆಯೇ ಎಂಬುದನ್ನು ಕಾಲು ಎತ್ತಿಡುವ ಮೊದಲೇ ಅಂದಾಜಿಸಬೇಕು. ಈ ಅಂದಾಜನ್ನು ಮಿದುಳು ಕಣ್ಣು ಕಿವಿಗಳೆರಡನ್ನೂ ಸೇರಿಸಿಕೊಂಡು ಹೇಗೆ ಕಟ್ಟುತ್ತದೆ ಎಂಬುದನ್ನು ನರವಿಜ್ಞಾನ ಕಳೆದ ನಾಲ್ಕೈದು ದಶಕಗಳಲ್ಲಿ ಸಾಕಷ್ಟು ಬಿಡಿಸಿ ನೋಡಿದೆ. ಆ ತಿಳಿವಳಿಕೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ನಿಯಮದಲ್ಲಿ ಸರಿಯಿರುವುದು ಯಾವುದು, ಕೊರತೆಯಿರುವುದು ಎಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಒಂದು ಮೂಲಭೂತ ತೊಡಕನ್ನು ಗಮನಿಸಬೇಕು. ನಾವು ‘ಈಗ’ ಎಂದು ಕಾಣುವುದು ಆಗಲೇ ಸ್ವಲ್ಪ ಹಳತಾಗಿರುತ್ತದೆ. ಬೆಳಕು ಕಣ್ಣನ್ನು ತಲುಪಲು ಹೊತ್ತೇ ಹಿಡಿಯುವುದಿಲ್ಲವಾದರೂ, ಅಕ್ಷಿಪಟಲದ ಕೋಶಗಳು ಅದನ್ನು ರಾಸಾಯನಿಕ ಕ್ರಿಯೆಗಳ ಸರಪಳಿಯ ಮೂಲಕ ನರಸಂಕೇತವಾಗಿ ಮಾರ್ಪಡಿಸಲು ಹತ್ತಾರು ಮಿಲಿಸೆಕೆಂಡುಗಳು ಬೇಕಾಗುತ್ತವೆ. ಒಳಕಿವಿಯ ರೋಮಕೋಶಗಳು ಇದಕ್ಕಿಂತ ಬಹಳ ಚುರುಕು. ಅವು ಯಾಂತ್ರಿಕವಾಗಿ ಬಾಗಿದ ಕೂಡಲೇ ಸಂಕೇತ ಹೊರಡುತ್ತದೆ. ಹೀಗಾಗಿ ದೀಪ ಹೊತ್ತಿಕೊಂಡಾಗ ಗುಂಡಿ ಒತ್ತಲು ಸುಮಾರು 190 ಮಿಲಿಸೆಕೆಂಡು ತೆಗೆದುಕೊಳ್ಳುವವರು ಸದ್ದಿಗೆ 150ರ ಆಸುಪಾಸಿನಲ್ಲೇ ಪ್ರತಿಕ್ರಿಯಿಸುತ್ತಾರೆ. ಇನ್ನೊಂದು ಕಡೆ ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ 17 ಮೀಟರ್ ದೂರದ ಗಾಡಿಯ ಸದ್ದು ಕಿವಿಗೆ ಬರುವುದೇ 50 ಮಿಲಿಸೆಕೆಂಡು ತಡವಾಗಿ. ಗಂಟೆಗೆ 36 ಕಿಲೋಮೀಟರ್ ವೇಗದ ವಾಹನ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಒಂದು ಮೀಟರ್ ಮುಂದೆ ಬಂದಿರುತ್ತದೆ. ಅಂದರೆ ಕಣ್ಣಿನ ವರದಿಯೊಂದನ್ನೇ ನೆಚ್ಚಿಕೊಂಡ ಮಿದುಳು ಗಾಡಿ ಇರುವ ಜಾಗವನ್ನಲ್ಲ, ಇದ್ದ ಜಾಗವನ್ನು ಕಾಣಬೇಕಾಗುತ್ತಿತ್ತು.

ಇದನ್ನು ಸರಿದೂಗಿಸಲು ಮಿದುಳಿಗೆ ಇರುವ ದಾರಿ ಮುನ್ನಂದಾಜು. ರೋಮಿ ನಿಜಾವನ್ 1994ರಲ್ಲಿ ಮತ್ತೆ ಮುನ್ನೆಲೆಗೆ ತಂದ ಒಂದು ದೃಷ್ಟಿಭ್ರಮೆ ಇದಕ್ಕೆ ಒಳ್ಳೆಯ ನಿದರ್ಶನ. ಚಲಿಸುತ್ತಿರುವ ಪಟ್ಟಿಯೊಂದರ ನೇರಕ್ಕೇ ಒಂದು ಬೆಳಕು ಕ್ಷಣಮಾತ್ರ ಮಿಂಚಿದರೆ, ನೋಡುವವರಿಗೆ ಆ ಬೆಳಕು ಪಟ್ಟಿಗಿಂತ ಹಿಂದೆ ಬಿದ್ದಂತೆ ಕಾಣುತ್ತದೆ. ಚಲಿಸುವ ವಸ್ತುವನ್ನು ದೃಷ್ಟಿವ್ಯವಸ್ಥೆ ಅದರ ದಾರಿಯಲ್ಲಿ ತುಸು ಮುಂದಕ್ಕೆ ತಳ್ಳಿ ತೋರಿಸುತ್ತದೆ, ಥಟ್ಟನೆ ಮಿಂಚಿದ ಬೆಳಕಿಗೆ ಹಾಗೆ ಮಾಡಲು ಅವಕಾಶವಿರುವುದಿಲ್ಲ ಎನ್ನುವುದು ನಿಜಾವನ್ ಕೊಟ್ಟ ವಿವರಣೆ. ಈ ವಿವರಣೆಯನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಆದರೆ ಗ್ರಹಿಕೆಯೊಳಗೇ ಮುಂದಿನ ಕ್ಷಣದ ಅಂದಾಜು ಬೆರೆತಿದೆ ಎಂಬ ಮೂಲ ಮಾತಿಗೆ ಇಂದು ಬಹುಪಾಲು ಒಪ್ಪಿಗೆಯಿದೆ.

ಎದುರಿಗೆ ಬರುತ್ತಿರುವ ವಸ್ತುವಿನ ವಿಷಯದಲ್ಲಿ ಕಣ್ಣಿಗೆ ಒಂದು ಅನುಕೂಲವಿದೆ. ವಸ್ತು ಹತ್ತಿರವಾದಂತೆ ಅಕ್ಷಿಪಟಲದ ಮೇಲೆ ಅದರ ಬಿಂಬ ಹಿಗ್ಗುತ್ತದೆ. ಬಿಂಬದ ಈಗಿನ ಗಾತ್ರವನ್ನು ಅದು ಹಿಗ್ಗುತ್ತಿರುವ ದರದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಆ ವಸ್ತು ಬಂದು ತಾಕಲು ಉಳಿದಿರುವ ಸಮಯ. ದೂರವೂ ಬೇಡ, ವೇಗವೂ ಬೇಡ, ವಸ್ತುವಿನ ನಿಜವಾದ ಗಾತ್ರವೂ ಬೇಡ. ಎಡಿನ್‌ಬರೋದ ಮನೋವಿಜ್ಞಾನಿ ಡೇವಿಡ್ ಲೀ 1976ರಲ್ಲಿ ಚಾಲಕರು ಬ್ರೇಕ್ ಹಾಕುವ ಬಗೆಯನ್ನು ವಿವರಿಸಲು ಈ ಅನುಪಾತವನ್ನು ಬಳಸಿ, ಅದಕ್ಕೆ ‘ಟೌ’ ಎಂಬ ಗ್ರೀಕ್ ಅಕ್ಷರದ ಹೆಸರಿಟ್ಟರು. ಪಾರಿವಾಳದ ಮಿದುಳಿನಲ್ಲಿ, ಬರುತ್ತಿರುವ ವಸ್ತುವಿನ ಗಾತ್ರ ವೇಗಗಳು ಏನೇ ಇರಲಿ, ತಾಕಲು ಇಂತಿಷ್ಟೇ ಸಮಯ ಉಳಿದಾಗ ಚುರುಕಾಗುವ ನರಕೋಶಗಳಿವೆ ಎಂಬುದನ್ನು 1992ರಲ್ಲಿ ವಾಂಗ್ ಮತ್ತು ಫ್ರಾಸ್ಟ್ ತೋರಿಸಿದರು.

ಆದರೆ ಈ ಲೆಕ್ಕ ಸರಿಯಾಗುವುದು ವೇಗ ಬದಲಾಗದಿದ್ದರೆ ಮಾತ್ರ. ಸಂಜೆಯ ಹೊತ್ತು ಒಂದು ಅಡ್ಡರಸ್ತೆಯನ್ನು ಊಹಿಸಿಕೊಳ್ಳಿ. ಇಪ್ಪತ್ತು ಮೀಟರ್ ಆಚೆ ತಿರುವಿನಿಂದ ಒಂದು ಎಲೆಕ್ಟ್ರಿಕ್ ಸ್ಕೂಟರ್ ಗಂಟೆಗೆ 18 ಕಿಲೋಮೀಟರ್, ಅಂದರೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೊರಬಂದಿದೆ. ಅದೇ ವೇಗದಲ್ಲಿ ಬಂದರೆ ನಿಮ್ಮೆದುರಿಗೆ ತಲುಪಲು ಅದಕ್ಕೆ 4 ಸೆಕೆಂಡು ಬೇಕು. ಸವಾರ ತಿರುವು ದಾಟಿದ ಕೂಡಲೇ ಎಕ್ಸಲರೇಟರ್ ತಿರುವಿ, ಪ್ರತಿ ಸೆಕೆಂಡಿಗೆ ವೇಗ 2 ಮೀಟರ್‌ನಷ್ಟು ಏರುತ್ತಾ ಹೋದರೆ, ಅದು 2.6 ಸೆಕೆಂಡಿಗೇ ಬಂದುಬಿಡುತ್ತದೆ. ಬಂದಾಗ ಅದರ ವೇಗ ಗಂಟೆಗೆ 37 ಕಿಲೋಮೀಟರ್ ಆಗಿರುತ್ತದೆ. ಸೆಕೆಂಡಿಗೆ 1.2 ಮೀಟರ್‌ನಂತೆ ನಡೆಯುವ ಪಾದಚಾರಿ 4 ಸೆಕೆಂಡಿನಲ್ಲಿ ಐದು ಮೀಟರ್‌ಗೆ ಹತ್ತಿರ ಸಾಗಿ ಆಚೆ ಬದಿ ಸೇರಬಹುದು, 2.6 ಸೆಕೆಂಡಿನಲ್ಲಿ ಮೂರು ಮೀಟರ್ ದಾಟಿ ಸರಿಯಾಗಿ ರಸ್ತೆಯ ನಡುವೆ ಇರುತ್ತಾನೆ. ಮನುಷ್ಯರ ಕಣ್ಣು ವೇಗೋತ್ಕರ್ಷವನ್ನು ಗುರುತಿಸುವುದರಲ್ಲಿ ತೀರಾ ಮಂದ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ನೋಡಿದ ಕ್ಷಣದ ವೇಗವೇ ಕೊನೆಯವರೆಗೂ ಇರುತ್ತದೆ ಎಂಬಂತೆ ಅದು ಲೆಕ್ಕ ಹಾಕುತ್ತದೆ.

ಕಣ್ಣಿನ ಇತಿಮಿತಿ ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಸಮಯಕ್ಕೆ ತಲುಪಲಿರುವ ದೊಡ್ಡ ಮತ್ತು ಚಿಕ್ಕ ವಸ್ತುಗಳಲ್ಲಿ ದೊಡ್ಡದೇ ಮೊದಲು ಬರುತ್ತದೆಂದು ಜನ ಭಾವಿಸುತ್ತಾರೆ. ಪೆಟ್ರೀಷಿಯಾ ಡೆಲೂಸಿಯಾ 1991ರಿಂದ ಇದನ್ನು ಹಲವು ರೀತಿಗಳಲ್ಲಿ ಪರೀಕ್ಷಿಸಿದ್ದಾರೆ. ಬೈಕು ಬರುವ ಹೊತ್ತನ್ನು ಕಾರಿಗೆ ಹೋಲಿಸಿದರೆ ಜನ ತಡವಾಗಿ ಅಂದಾಜಿಸುವುದಕ್ಕೆ ಇದೂ ಒಂದು ಕಾರಣ. ಮಕ್ಕಳ ಸ್ಥಿತಿ ಇನ್ನೂ ನಾಜೂಕು. ಪ್ರಾಥಮಿಕ ಶಾಲೆಯ ಮಕ್ಕಳು ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ದಾಟಿದ ವೇಗದಲ್ಲಿ ಬರುತ್ತಿರುವ ವಾಹನ ಹತ್ತಿರವಾಗುತ್ತಿರುವುದನ್ನು ಕೆಲವು ಸಂದರ್ಭಗಳಲ್ಲಿ ಗುರುತಿಸಲಾರರು ಎಂದು ಇಂಗ್ಲೆಂಡಿನ ಜಾನ್ ವಾನ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. ವೇಗವಾಗಿ ಬರುವ ಗಾಡಿಯನ್ನು ದೂರವಿದ್ದಾಗಲೇ ಅಳೆಯಬೇಕಾಗುತ್ತದೆ, ಆ ದೂರದಲ್ಲಿ ಬಿಂಬದ ಹಿಗ್ಗುವಿಕೆ ಮಗುವಿನ ಕಣ್ಣಿಗೆ ನಿಲುಕದಷ್ಟು ಸಣ್ಣದಾಗಿರುತ್ತದೆ.

ಇಲ್ಲಿ ಕಿವಿಯ ಪಾತ್ರ ಶುರುವಾಗುತ್ತದೆ. ಕಿವಿಗೆ ದಿಕ್ಕಿನ ಹಂಗಿಲ್ಲ, ಬೆಳಕಿನ ಹಂಗಿಲ್ಲ. ನಿಲ್ಲಿಸಿದ ಲಾರಿಯ ಮರೆಯಲ್ಲಿರುವುದೂ ಬೆನ್ನ ಹಿಂದಿರುವುದೂ ಅದಕ್ಕೆ ಗೊತ್ತಾಗುತ್ತದೆ. ಸಮೀಪಿಸುವ ಸದ್ದಿನ ವಿಷಯದಲ್ಲಿ ಅದು ಎಚ್ಚರಿಕೆಯ ಕಡೆಗೇ ವಾಲಿಕೊಂಡಿದೆ ಕೂಡ. ಜಾನ್ ನ್ಯೂಹಾಫ್ 1998ರಲ್ಲಿ ತೋರಿಸಿದಂತೆ, ಒಂದು ಸ್ವರದ ತೀವ್ರತೆ ಇಂತಿಷ್ಟು ಡೆಸಿಬೆಲ್ ಏರಿದರೆ, ಅಷ್ಟೇ ಡೆಸಿಬೆಲ್ ಇಳಿದದ್ದಕ್ಕಿಂತ ಹೆಚ್ಚು ಬದಲಾದಂತೆ ನಮಗೆ ಕೇಳಿಸುತ್ತದೆ. ಬರುತ್ತಿರುವುದನ್ನು ಹತ್ತಿರದಲ್ಲಿದೆ ಎಂದು ತಪ್ಪಾಗಿ ಎಣಿಸಿ ಬೇಗ ಸರಿದುಕೊಂಡವನಿಗೆ ನಷ್ಟವಿಲ್ಲ. ದೂರವಿದೆ ಎಂದು ಎಣಿಸಿದವನಿಗೆ ಪ್ರಾಣವೇ ಹೋಗಬಹುದು. ಇದೇ ಒಲವು ರೀಸಸ್ ಕೋತಿಗಳಲ್ಲೂ ಇರುವುದು 2002ರಲ್ಲಿ ಕಂಡುಬಂದಿತು. ಸದ್ದು ಏರುತ್ತಿರುವುದು ಹತ್ತಿರವಾಗುತ್ತಿರುವುದರ ಸೂಚನೆಯಾದರೆ, ಅದರ ಶ್ರುತಿ ಏರುತ್ತಿರುವುದು ಎಂಜಿನ್ನಿನ ಸುತ್ತು ಹೆಚ್ಚುತ್ತಿರುವುದರ, ಅಂದರೆ ಚಾಲಕ ಈಗತಾನೇ ಎಕ್ಸಲರೇಟರ್ ಒತ್ತಿದ್ದಾನೆ ಎಂಬುದರ ಸೂಚನೆ. ಗಾಡಿಯ ವೇಗ ಕಣ್ಣಿಗೆ ಕಾಣುವಷ್ಟು ಏರುವ ಮೊದಲೇ ಈ ಸುದ್ದಿ ಕಿವಿಗೆ ಸಿಕ್ಕಿರುತ್ತದೆ.

ಕಣ್ಣು ಕಿವಿಗಳ ಸುದ್ದಿ ಬಂದು ಕೂಡುವ ಜಾಗಗಳು ಮಿದುಳಿನಲ್ಲಿ ಹಲವಿವೆ. ಅವುಗಳಲ್ಲಿ ಅತ್ಯಂತ ಚೆನ್ನಾಗಿ ಅಧ್ಯಯನವಾಗಿರುವುದು ನಡುಮಿದುಳಿನಲ್ಲಿರುವ ‘ಸುಪೀರಿಯರ್ ಕಾಲಿಕ್ಯುಲಸ್’ ಎಂಬ ಪುಟ್ಟ ಉಬ್ಬು. ತಲೆ ಕಣ್ಣುಗಳನ್ನು ಥಟ್ಟನೆ ಒಂದು ಕಡೆ ತಿರುಗಿಸುವ ಕೆಲಸ ಮುಖ್ಯವಾಗಿ ಅದರದು. ಬೆಕ್ಕುಗಳ ಈ ಭಾಗವನ್ನು ದಶಕಗಳ ಕಾಲ ಪರೀಕ್ಷಿಸಿದ ಬ್ಯಾರಿ ಸ್ಟೈನ್ ಮತ್ತು ಅಲೆಕ್ಸ್ ಮೆರೆಡಿತ್, ಅಲ್ಲಿನ ಎಷ್ಟೋ ನರಕೋಶಗಳು ಬೆಳಕಿಗೂ ಸದ್ದಿಗೂ ಸ್ಪಂದಿಸುತ್ತವೆ, ಎರಡೂ ಒಂದೇ ಜಾಗದಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದರೆ ಅವುಗಳ ಸ್ಪಂದನ ಎರಡರ ಮೊತ್ತವನ್ನೂ ಮೀರಬಹುದು ಎಂದು ಕಂಡುಕೊಂಡರು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಬಿಡಿಬಿಡಿಯಾಗಿ ಒಂದೊಂದು ಸಂಕೇತವೂ ದುರ್ಬಲವಾಗಿದ್ದಷ್ಟೂ ಕೂಡುವಿಕೆಯಿಂದ ಸಿಗುವ ಲಾಭ ದೊಡ್ಡದು. ಝಗಮಗಿಸುವ ಮಧ್ಯಾಹ್ನದಲ್ಲಿ ಗಾಡಿಯ ಸದ್ದಿನಿಂದ ಹೆಚ್ಚಿನ ಪ್ರಯೋಜನವಿಲ್ಲದಿರಬಹುದು. ಮುಸ್ಸಂಜೆಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ಬೀದಿದೀಪ ಕೆಟ್ಟ ಓಣಿಯಲ್ಲಿ ಮೆಲ್ಲನೆಯ ಸದ್ದೂ ಕೂಡ ಮಸುಕಾದ ನೋಟಕ್ಕೆ ಬಲ ಕೊಡುತ್ತದೆ.

ಎರಡು ಇಂದ್ರಿಯಗಳ ಮಾತು ಹೊಂದದಿದ್ದಾಗ ಮಿದುಳು ಯಾರನ್ನು ನಂಬುತ್ತದೆ? ಮಾರ್ಕ್ ಅರ್ನ್‌ಸ್ಟ್ ಮತ್ತು ಮಾರ್ಟಿನ್ ಬ್ಯಾಂಕ್ಸ್ 2002ರಲ್ಲಿ ನಡೆಸಿದ ಪ್ರಯೋಗದಲ್ಲಿ, ಒಂದು ದಿಂಡಿನ ಎತ್ತರವನ್ನು ಜನರು ನೋಡಿಯೂ ಮುಟ್ಟಿಯೂ ಅಂದಾಜಿಸಬೇಕಿತ್ತು. ನೋಟ ಸ್ಪಷ್ಟವಾಗಿದ್ದಾಗ ತೀರ್ಪು ಕಣ್ಣಿನ ಕಡೆಗಿರುತ್ತಿತ್ತು. ನೋಟವನ್ನು ಬೇಕೆಂದೇ ಮಬ್ಬುಗೊಳಿಸುತ್ತ ಹೋದಂತೆ ತೀರ್ಪು ಸ್ಪರ್ಶದ ಕಡೆಗೆ ವಾಲಿತು. ಇಬ್ಬರು ಸಾಕ್ಷಿಗಳ ಮಾತು ಕೇಳಿ, ಯಾರ ಮಾತಿಗೆ ಎಷ್ಟು ತೂಕವೆಂದು ಅವರವರ ವಿಶ್ವಾಸಾರ್ಹತೆ ನೋಡಿ ನಿರ್ಧರಿಸುವ ಪಂಚಾಯ್ತಿದಾರನಂತೆ ಮಿದುಳು ವರ್ತಿಸುತ್ತದೆ. ಅದು ತಲುಪುವ ತೀರ್ಮಾನ ಗಣಿತದ ದೃಷ್ಟಿಯಿಂದ ಸಾಧ್ಯವಿರುವ ಅತ್ಯುತ್ತಮ ತೀರ್ಮಾನಕ್ಕೆ ಬಹಳ ಹತ್ತಿರವಿತ್ತು. ದೃಷ್ಟಿ ಶ್ರವಣಗಳ ನಡುವೆಯೂ ಇದೇ ಬಗೆಯ ತೂಗುವಿಕೆ ನಡೆಯುತ್ತದೆಂದು 2004ರಲ್ಲಿ ಅಲೈಸ್ ಮತ್ತು ಬರ್ ತೋರಿಸಿದರು.

ಆದರೆ ತೂಗುವುದಕ್ಕೂ ಮೊದಲು ಈ ಸದ್ದು ಈ ಗಾಡಿಯದೇ ಎಂಬುದು ನಿಶ್ಚಯವಾಗಬೇಕಲ್ಲ. ಕೊನ್‌ರಾಡ್ ಕಾರ್ಡಿಂಗ್ ಮತ್ತು ಜೊತೆಗಾರರು 2007ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಮಿದುಳು ಎರಡು ಸಂಕೇತಗಳಿಗೆ ಮೂಲ ಒಂದೇ ಇರುವ ಸಂಭವ ಎಷ್ಟು ಎಂದು ಮೊದಲು ತೂಗಿ ನೋಡಿ, ಆಮೇಲಷ್ಟೇ ಅವನ್ನು ಬೆಸೆಯುತ್ತದೆ. ಹಾಗೆ ಬೆಸೆದಾಗ ಕಣ್ಣಿಗೆ ಕಾಣುವ ಘಟನೆಯೇ ಬದಲಾಗಬಹುದು. ಪರದೆಯ ಮೇಲೆ ಎದುರುಬದುರಾಗಿ ಬಂದು ಒಂದರೊಳಗೊಂದು ಹಾಯ್ದು ಹೋಗುವ ಎರಡು ಬಿಲ್ಲೆಗಳು, ಅವು ಕೂಡುವ ಕ್ಷಣಕ್ಕೆ ಸರಿಯಾಗಿ ಒಂದು ‘ಟಕ್’ ಸದ್ದು ಕೇಳಿಸಿದರೆ, ಡಿಕ್ಕಿ ಹೊಡೆದು ಹಿಂದಿರುಗಿದಂತೆ ಕಾಣುತ್ತವೆ ಎಂಬುದು 1997ರ ಪ್ರಸಿದ್ಧ ಪ್ರಯೋಗ. ನಮ್ಮ ಪೇಟೆಬೀದಿಗಳಲ್ಲಿ ಹಾರ್ನು, ಜನರೇಟರು, ಆಟೋ, ಧ್ವನಿವರ್ಧಕ ಎಲ್ಲ ಸೇರಿದ ಗದ್ದಲದಲ್ಲಿ ಯಾವ ಸದ್ದು ಯಾವ ಗಾಡಿಯದು ಎಂದು ಜೋಡಿಸುವುದೇ ಕಷ್ಟ. ಸುಮ್ಮನೆ ಸದ್ದಿನ ಮಟ್ಟ ಏರಿಸಿದರೆ ಈ ಕಷ್ಟ ಹೆಚ್ಚೀತೇ ಹೊರತು ತಗ್ಗದು. ಶಬ್ದಮಾಲಿನ್ಯದ ಆಕ್ಷೇಪ ಎತ್ತುವವರ ಮಾತಿನಲ್ಲಿ ಈ ಮಟ್ಟಿಗೆ ಹುರುಳಿದೆ.

ಇಂದ್ರಿಯಗಳ ಈ ಬೆಸುಗೆ ಹುಟ್ಟಿನಿಂದ ಬಂದದ್ದಲ್ಲ, ಅನುಭವದಿಂದ ಕಲಿತದ್ದು. ಕತ್ತಲಲ್ಲೇ ಬೆಳೆಸಿದ ಬೆಕ್ಕುಗಳ ಮಿದುಳಿನಲ್ಲಿ ಬೆಳಕಿಗೂ ಸದ್ದಿಗೂ ಸ್ಪಂದಿಸುವ ಕೋಶಗಳೇನೋ ಇರುತ್ತವೆ, ಆದರೆ ಅವು ಎರಡನ್ನೂ ಕೂಡಿಸಿಕೊಂಡು ವಿಶೇಷ ಸ್ಪಂದನ ತೋರಲಾರವು. ಭಾರತದಲ್ಲೇ ನಡೆದ ಅಧ್ಯಯನವೊಂದು ಇದರ ಮಾನವ ರೂಪವನ್ನು ತೋರಿಸಿತು. ಹುಟ್ಟಿನಿಂದ ಕುರುಡನಾಗಿದ್ದು, ಗೋಳವನ್ನೂ ಘನವನ್ನೂ ಮುಟ್ಟಿ ಗುರುತಿಸಬಲ್ಲವನಿಗೆ ದೃಷ್ಟಿ ಬಂದರೆ, ಅವನು ಮುಟ್ಟದೆ ನೋಡಿಯೇ ಅವನ್ನು ಗುರುತಿಸಬಲ್ಲನೇ ಎಂದು ವಿಲಿಯಂ ಮಾಲಿನೋ 1688ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಬರೆದು ಕೇಳಿದ್ದರು. ಪವನ್ ಸಿನ್ಹಾ ಆರಂಭಿಸಿದ ‘ಪ್ರಾಜೆಕ್ಟ್ ಪ್ರಕಾಶ್’ನ ಮೂಲಕ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ, 8ರಿಂದ 17 ವರ್ಷ ವಯಸ್ಸಿನ ಐವರನ್ನು ಪರೀಕ್ಷಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮುಟ್ಟಿದ್ದನ್ನು ನೋಡಿ ಗುರುತಿಸುವುದು ಅವರಿಗೆ ಮೊದಮೊದಲು ಕುರುಡು ಊಹೆಗಿಂತ ಹೆಚ್ಚೇನೂ ಕೈಗೂಡಲಿಲ್ಲ. ಆದರೆ ಆ ಸಾಮರ್ಥ್ಯ ಬಹುಬೇಗ, ಹೆಚ್ಚಿನ ತರಬೇತಿಯಿಲ್ಲದೆಯೇ ಮೂಡಿತು. ಸಾಧಾರಣ ದೃಷ್ಟಿಯ ಮಕ್ಕಳಲ್ಲೂ ಕಣ್ಣು ಕೈಗಳ ಮಾಹಿತಿಯನ್ನು ದೊಡ್ಡವರಂತೆ ತೂಗಿ ಬೆಸೆಯುವ ಶಕ್ತಿ ಬಲಿಯುವುದು ಎಂಟರಿಂದ ಹತ್ತು ವರ್ಷದ ಹೊತ್ತಿಗೆ ಎಂದು ಮೋನಿಕಾ ಗೋರಿ ಮತ್ತು ಸಂಗಡಿಗರು 2008ರಲ್ಲಿ ಕಂಡುಕೊಂಡಿದ್ದರು.

ಕಲಿತದ್ದು ಎಂದ ಮೇಲೆ ಅದು ಕಲಿತ ಲೋಕಕ್ಕೆ ತಕ್ಕಂತೆ ಇರುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೇ ಶತಮಾನದಲ್ಲೇ ಗ್ರಹಿಕೆಯನ್ನು ‘ಅರಿವಿಗೆ ಬಾರದ ಊಹೆ’ ಎಂದು ಕರೆದಿದ್ದರು. ಮಿದುಳಿನ ಮೇಲಿನ ಸ್ತರಗಳು ಮುಂದೇನು ಬರಬೇಕೆಂಬ ನಿರೀಕ್ಷೆಯನ್ನು ಕೆಳಗೆ ಕಳಿಸುತ್ತವೆ, ಕೆಳಗಿನ ಸ್ತರಗಳು ನಿರೀಕ್ಷೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಮೇಲಕ್ಕೆ ವರದಿ ಮಾಡುತ್ತವೆ ಎಂಬ ಆಧುನಿಕ ರೂಪವನ್ನು ರಾಜೇಶ್ ರಾವ್ ಮತ್ತು ಡಾನಾ ಬ್ಯಾಲರ್ಡ್ 1999ರಲ್ಲಿ ಅದಕ್ಕೆ ಕೊಟ್ಟರು. ನಾವೆಲ್ಲ ಬೆಳೆದದ್ದು ಗಾಡಿ ಎಂದರೆ ಸದ್ದು ಎನ್ನುವ ಲೋಕದಲ್ಲಿ. ಅಂಥ ಮಿದುಳಿಗೆ ನಿಶ್ಶಬ್ದವೆಂದರೆ ಮಾಹಿತಿಯ ಕೊರತೆಯಲ್ಲ. ಗಾಡಿ ಇಲ್ಲ ಎನ್ನುವ ಖಚಿತವಾದ ಸಾಕ್ಷ್ಯ. ಕತ್ತು ತಿರುಗಿಸಿ ನೋಡುವ ಗೋಜಿಗೂ ಹೋಗದೆ ಹೆಜ್ಜೆ ಇಡುವವರನ್ನು ಅಜಾಗರೂಕರು ಎಂದು ಬೈಯುವುದು ಸುಲಭ. ಅವರ ಮಿದುಳು ಮೂವತ್ತು ನಲವತ್ತು ವರ್ಷ ಒಮ್ಮೆಯೂ ಸುಳ್ಳಾಗದ ನಿಯಮವೊಂದನ್ನು ಅನುಸರಿಸುತ್ತಿರುತ್ತದೆ.

ಈ ಎಲ್ಲ ಎಳೆಗಳೂ ಬಂದು ಸೇರುವುದು ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಡೇನಿಯಲ್ ಓಬರ್‌ಫೆಲ್ಡ್ ಅವರ ತಂಡ ಅಲ್ಲಿ ರಸ್ತೆಯೊಂದನ್ನು ಕೃತಕವಾಗಿ ನಿರ್ಮಿಸಿದೆ. ಭಾಗವಹಿಸುವವರು ವರ್ಚುವಲ್ ರಿಯಾಲಿಟಿ ಹೆಲ್ಮೆಟ್ ತೊಟ್ಟು ಪಾದಚಾರಿಯಾಗಿ ನಿಲ್ಲುತ್ತಾರೆ. ಸುತ್ತಲಿನ ಸ್ಪೀಕರ್‌ಗಳಿಂದ, ನಿಜವಾದ ಕಾರುಗಳಿಂದ ಮುದ್ರಿಸಿಕೊಂಡ ಸದ್ದು, ಕಾರು ಇರುವ ದಿಕ್ಕಿನಿಂದಲೇ ದೂರಕ್ಕೆ ತಕ್ಕಂತೆ ಏರುತ್ತ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕಾರೂ ಸದ್ದೂ ಒಮ್ಮೆಲೇ ಮಾಯವಾಗುತ್ತವೆ. ಹಾಗೇ ಮುಂದುವರಿದಿದ್ದರೆ ಕಾರು ತಮ್ಮೆದುರಿಗೆ ಯಾವ ಕ್ಷಣಕ್ಕೆ ಬರುತ್ತಿತ್ತೋ ಆ ಕ್ಷಣಕ್ಕೆ ಗುಂಡಿ ಒತ್ತಬೇಕು. ಕೇಳಿಸಿತೇ ಎಂದು ಕೇಳದೆ, ಯಾವಾಗ ಬರುತ್ತದೆ ಎಂದು ಕೇಳಿದ್ದರಲ್ಲೇ ಈ ಪ್ರಯೋಗದ ಬೆಲೆಯಿದೆ.

2022ರಲ್ಲಿ ಪ್ರಕಟವಾದ ಫಲಿತಾಂಶಗಳು ಹೀಗಿವೆ. ಕಾರು ಒಂದೇ ವೇಗದಲ್ಲಿ ಬರುತ್ತಿದ್ದಾಗ ಪೆಟ್ರೋಲ್ ಕಾರು, ಸದ್ದಿನ ಸಾಧನವಿರುವ ವಿದ್ಯುತ್ ಕಾರು, ಅದಿಲ್ಲದ ವಿದ್ಯುತ್ ಕಾರು ಇವುಗಳ ನಡುವೆ ಜನರ ಅಂದಾಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕಾರು ವೇಗ ಏರಿಸಿಕೊಳ್ಳುತ್ತ ಬಂದಾಗ ಮಾತ್ರ ಚಿತ್ರ ಬದಲಾಯಿತು. ಪೆಟ್ರೋಲ್ ಕಾರಿನ ವಿಷಯದಲ್ಲಿ ಅಂದಾಜು ಬಹುಮಟ್ಟಿಗೆ ಸರಿಯಾಗಿಯೇ ಉಳಿಯಿತು, ಏಕೆಂದರೆ ಎಂಜಿನ್ನಿನ ಮೊರೆತ ಕಣ್ಣಿನ ಕೊರತೆಯನ್ನು ತುಂಬಿಕೊಟ್ಟಿತು. ವಿದ್ಯುತ್ ಕಾರಿನ ವಿಷಯದಲ್ಲಿ ಜನರು ಇನ್ನೂ ಸಮಯವಿದೆ ಎಂದು ತಪ್ಪಾಗಿ ಎಣಿಸಿದರು, ಕಣ್ಣೊಂದನ್ನೇ ಬಳಸಿದಾಗ ಆಗುವ ತಪ್ಪಿನ ಮಾದರಿಯಲ್ಲೇ. ಸದ್ದಿನ ಸಾಧನ ಚಾಲೂ ಮಾಡಿದಾಗ ತಪ್ಪು ಕಡಿಮೆಯಾಯಿತು, ಆದರೂ ಪೆಟ್ರೋಲ್ ಕಾರಿನ ಮಟ್ಟಕ್ಕೆ ಬರಲಿಲ್ಲ. ಗಾಡಿಯ ಸದ್ದು ಒಟ್ಟಾರೆ ಮೆಲ್ಲಗಿದ್ದರೆ ಅದು ತಡವಾಗಿ ಬರುತ್ತದೆಂದು ಜನ ಭಾವಿಸುತ್ತಾರೆ ಎಂಬುದೂ ಇದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಕಂಡುಬಂದಿತು.

ಪ್ರಯೋಗಾಲಯದ ತಪ್ಪು ರಸ್ತೆಯ ಅಪಘಾತವಾಗಿ ಪರಿಣಮಿಸುತ್ತಿದೆಯೇ ಎಂಬುದಕ್ಕೆ ಸಿಗುವ ಉತ್ತರ ಇಷ್ಟು ನೇರವಾಗಿಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ 2011ರ ವಿಶ್ಲೇಷಣೆಯಲ್ಲಿ, ಹೈಬ್ರಿಡ್ ಕಾರುಗಳು ಪಾದಚಾರಿಗಳಿಗೆ ಡಿಕ್ಕಿ ಹೊಡೆಯುವ ಸಂಭವ ಸಾಮಾನ್ಯ ಕಾರುಗಳಿಗಿಂತ ಶೇ. 35ರಷ್ಟು ಹೆಚ್ಚಿತ್ತು. ಬ್ರಿಟನ್ನಿನ 2013ರಿಂದ 2017ರವರೆಗಿನ ಅಂಕಿಅಂಶಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹತ್ತು ಕೋಟಿ ಮೈಲಿ ಓಟಕ್ಕೆ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಿಂದ 5.16 ಪಾದಚಾರಿಗಳು ಗಾಯಗೊಂಡಿದ್ದರೆ ಅಥವಾ ಸತ್ತಿದ್ದರೆ, ಪೆಟ್ರೋಲ್ ಡೀಸೆಲ್ ಕಾರುಗಳಿಂದ 2.40. ಅದೇ ಬ್ರಿಟನ್ನಿನ 2019ರಿಂದ 2023ರವರೆಗಿನ ಮಾಹಿತಿಯನ್ನು ನೋಡಿದ 2025ರ ಇನ್ನೊಂದು ಅಧ್ಯಯನದಲ್ಲಿ ಪೂರ್ಣ ವಿದ್ಯುತ್ ಕಾರುಗಳಿಗೂ ಪೆಟ್ರೋಲ್ ಕಾರುಗಳಿಗೂ ಹೆಚ್ಚೇನೂ ಅಂತರ ಕಾಣಲಿಲ್ಲ. ಹೈಬ್ರಿಡ್‌ಗಳ ಪ್ರಮಾಣ ಮಾತ್ರ ಹೆಚ್ಚಿತ್ತು. ನಡುವೆ ಸದ್ದಿನ ನಿಯಮ ಜಾರಿಗೆ ಬಂದದ್ದು, ಹೊಸ ಕಾರುಗಳಿಗೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಸೇರಿದ್ದು, ಎರಡರಲ್ಲಿ ಯಾವುದರ ಪಾಲು ಎಷ್ಟೆಂದು ಈ ಅಂಕಿಗಳಿಂದ ಬೇರ್ಪಡಿಸಲಾಗದು. ಭಾರತದ ರಸ್ತೆಗಳಲ್ಲಿ 2022ರಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎಂಬುದನ್ನು ನೆನೆದರೆ, ಬ್ರಿಟನ್ನಿನ ಸಮಾಧಾನವನ್ನು ನಾವು ಸಾಲ ತಂದುಕೊಳ್ಳುವುದು ವಿವೇಕವಲ್ಲ.

ಇನ್ನು ನಿಯಮದ ಒಳಹೊಕ್ಕು ನೋಡೋಣ. ವಿಶ್ವಸಂಸ್ಥೆಯ 138ನೇ ವಾಹನ ನಿಬಂಧನೆಯ ಪ್ರಕಾರ ವಿದ್ಯುತ್ ವಾಹನ ಗಂಟೆಗೆ 20 ಕಿಲೋಮೀಟರ್‌ವರೆಗೆ ಸದ್ದು ಮಾಡಬೇಕು. 10 ಕಿಲೋಮೀಟರ್ ವೇಗದಲ್ಲಿ ಅದು ಕನಿಷ್ಠ 50 ಡೆಸಿಬೆಲ್, 20ರಲ್ಲಿ ಕನಿಷ್ಠ 56 ಡೆಸಿಬೆಲ್ ಇರಬೇಕು, ಮುಂದಕ್ಕೆ ಓಡುವಾಗ 75 ಮೀರಬಾರದು. ಗಂಟೆಗೆ 20 ಕಿಲೋಮೀಟರ್‌ಗಿಂತ ಹೆಚ್ಚಿನ ವೇಗದಲ್ಲಿ ಟೈರಿನ ಸದ್ದೇ ಸಾಕಾಗುತ್ತದೆ ಎಂಬುದು ಈ ವೇಗಮಿತಿಯ ಹಿಂದಿನ ತರ್ಕ. ವೇಗ ಒಂದೊಂದು ಕಿಲೋಮೀಟರ್ ಏರಿದಂತೆ ಸದ್ದಿನ ಆವರ್ತನ ಸರಾಸರಿ ಕನಿಷ್ಠ ಶೇ. 0.8ರಷ್ಟು ಏರಬೇಕೆಂದೂ ನಿಬಂಧನೆ ಹೇಳುತ್ತದೆ. ಮುನ್ನಂದಾಜಿನ ದೃಷ್ಟಿಯಿಂದ ಇಡೀ ನಿಬಂಧನೆಯಲ್ಲಿ ಅತ್ಯಂತ ಬೆಲೆಬಾಳುವ ಸಾಲು ಇದೇ, ಅತ್ಯಂತ ಜುಗ್ಗುತನದ ಸಾಲೂ ಇದೇ. ಈ ಕನಿಷ್ಠ ಪ್ರಮಾಣವನ್ನಷ್ಟೇ ಪಾಲಿಸಿದರೆ 10ರಿಂದ 20 ಕಿಲೋಮೀಟರ್‌ಗೆ ವೇಗ ಇಮ್ಮಡಿಯಾದರೂ ಶ್ರುತಿ ಏರುವುದು ಶೇ. 8ರಷ್ಟು, ಅಂದರೆ ಷಡ್ಜದಿಂದ ಶುದ್ಧ ರಿಷಭಕ್ಕಿಂತ ಕೊಂಚ ಮೇಲಕ್ಕೆ. ಪೆಟ್ರೋಲ್ ಎಂಜಿನ್ನು ಒಂದೇ ಗೇರಿನಲ್ಲಿ ನಿಮಿಷಕ್ಕೆ 1,500 ಸುತ್ತಿನಿಂದ 3,000ಕ್ಕೆ ಏರಿದರೆ ಶ್ರುತಿ ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೇ ಹೋಗಿರುತ್ತದೆ. ಸಂಗೀತ ಬಲ್ಲ ಕಿವಿಗೆ ಮೊದಲನೆಯದೂ ಗೊತ್ತಾದೀತು. ಗಲಾಟೆಯ ರಸ್ತೆಯಲ್ಲಿ ಸೊಪ್ಪಿನ ಚೀಲ ಹಿಡಿದು ನಿಂತವರಿಗೆ ಎರಡನೆಯದು ಬೇಕು. ಮೈನ್ಸ್‌ನಲ್ಲಿ ಸದ್ದಿನ ಸಾಧನ ಅರ್ಧ ಮಾತ್ರ ಗೆದ್ದದ್ದು ಏಕೆಂಬುದಕ್ಕೆ ಇಲ್ಲೊಂದು ಸುಳಿವಿದೆ. ಸದ್ದನ್ನು ಜೋರು ಮಾಡುವ ಬದಲು ವೇಗದೊಂದಿಗೂ ಮೋಟಾರಿನ ಮೇಲಿನ ಒತ್ತಡದೊಂದಿಗೂ ಶ್ರುತಿಯನ್ನು ಹೆಚ್ಚು ಗಾಢವಾಗಿ ಬೆಸೆದರೆ, ಶಬ್ದಮಾಲಿನ್ಯ ಹೆಚ್ಚಿಸದೆಯೇ ಮಿದುಳಿಗೆ ಬೇಕಾದ ಸುದ್ದಿಯನ್ನು ಕೊಡಬಹುದು.

ಇದು ಹಾರ್ನ್ ಮಾಡಲಾಗದ ಕೆಲಸ. ಹಾರ್ನು ಚಾಲಕನ ಇಚ್ಛೆ. ಅವನು ನಿಮ್ಮನ್ನು ಕಂಡಮೇಲೆ, ಮನಸ್ಸು ಬಂದರೆ ಒತ್ತುವಂಥದ್ದು. ಅದು ಗಾಡಿ ಇದೆ ಎನ್ನುತ್ತದೆಯೇ ವಿನಾ ಅದರ ವೇಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಂಜಿನ್ನಿನ ಸದ್ದು ಚಾಲಕ ಮೊಬೈಲ್ ನೋಡುತ್ತಿದ್ದಾಗಲೂ ಅವನ ಕಾಲು ಏನು ಮಾಡುತ್ತಿದೆ ಎಂಬುದನ್ನು ಬಯಲು ಮಾಡುತ್ತಿರುತ್ತದೆ.

ದೃಷ್ಟಿಹೀನರು ಈ ಸುದ್ದಿಯನ್ನು ಎಷ್ಟು ನುರಿತ ರೀತಿಯಲ್ಲಿ ಓದುತ್ತಾರೆಂಬುದು ಬಿಳಿಕೋಲಿನ ತರಬೇತಿಯನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ಸಿಗ್ನಲ್ ಬಿಟ್ಟಾಗ ತಮ್ಮ ಪಕ್ಕಕ್ಕೆ ಸಮಾನಾಂತರವಾಗಿ ನಿಂತಿದ್ದ ಗಾಡಿಗಳೆಲ್ಲ ಒಮ್ಮೆಲೇ ಹೊರಡುವ ಮೊರೆತವನ್ನು ಕೇಳಿ ದಾಟುವ ಕ್ಷಣವನ್ನು ಅವರು ನಿರ್ಧರಿಸುತ್ತಾರೆ. ಕಿವಿಯೊಂದರಿಂದಲೇ ಎಷ್ಟು ನಿಖರವಾಗಿ ಮುನ್ನಂದಾಜಿಸಬಹುದು ಎಂಬುದಕ್ಕೆ ಅಂಧರ ಕ್ರಿಕೆಟ್ ಕಣ್ಣೆದುರಿನ ಪುರಾವೆ. ಚೆಂಡಿನೊಳಗೆ ಗುಂಡುಗಳಿದ್ದು ಗಲಗಲ ಸದ್ದು ಮಾಡುತ್ತದೆ. ಬೌಲರ್ ಕೈಯನ್ನು ಕೆಳಗಿನಿಂದ ಬೀಸಿ ‘ಪ್ಲೇ’ ಎಂದು ಕೂಗುತ್ತಲೇ ಎಸೆದ ಚೆಂಡು ಪುಟಿಯುತ್ತ ಬರುತ್ತದೆ, ಬ್ಯಾಟರ್ ಆ ಗಲಗಲದ ಏರಿಕೆಯನ್ನೇ ಆಧರಿಸಿ ಬ್ಯಾಟು ಬೀಸುತ್ತಾರೆ. ಭಾರತ ಅಂಧರ ತಂಡದ ನಾಯಕರಾಗಿದ್ದು 2017ರಲ್ಲಿ ಪದ್ಮಶ್ರೀ ಪಡೆದ ಶೇಖರ್ ನಾಯ್ಕ್ ಶಿವಮೊಗ್ಗ ಜಿಲ್ಲೆಯವರು. ಚೆಂಡು ಸದ್ದು ನಿಲ್ಲಿಸಿದರೆ ಈ ಆಟವೇ ಇಲ್ಲ.

ನಮ್ಮ ಕರಡು ನಿಯಮದ ಅತಿ ದೊಡ್ಡ ಕೊರತೆ ಇರುವುದು ಅದರ ವ್ಯಾಪ್ತಿಯಲ್ಲಿ. ಅದು ಅನ್ವಯಿಸುವುದು ‘ಎಂ’ ಮತ್ತು ‘ಎನ್’ ವರ್ಗಗಳಿಗೆ, ಅಂದರೆ ಜನರನ್ನೂ ಸರಕನ್ನೂ ಸಾಗಿಸುವ ಕಾರು, ಬಸ್ಸು, ಲಾರಿಗಳಿಗೆ. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ‘ಎಲ್’ ವರ್ಗ ಅದರಲ್ಲಿಲ್ಲ. ಭಾರತದ ವಿದ್ಯುತ್ ವಾಹನಗಳೆಂದರೆ ಮುಖ್ಯವಾಗಿ ಸ್ಕೂಟರ್‌ಗಳೇ; 2024-25ರ ಆರ್ಥಿಕ ವರ್ಷದಲ್ಲಿ ಮಾರಾಟವಾದ ವಿದ್ಯುತ್ ದ್ವಿಚಕ್ರ ವಾಹನಗಳ ಸಂಖ್ಯೆ 11 ಲಕ್ಷ ದಾಟಿತು, ಅವುಗಳ ದೊಡ್ಡ ತಯಾರಕರಲ್ಲಿ ಕೆಲವರ ಕೇಂದ್ರ ಬೆಂಗಳೂರೇ. ಕಾರಿಗೆ ಅನ್ವಯಿಸಿದ ಎಲ್ಲ ವಾದವೂ ಸ್ಕೂಟರಿಗೆ ಇಮ್ಮಡಿಯಾಗಿ ಅನ್ವಯಿಸುತ್ತದೆ. ಅದರ ಬಿಂಬ ಚಿಕ್ಕದಾದ್ದರಿಂದ ತಡವಾಗಿ ಬರುತ್ತದೆಂದು ಕಣ್ಣು ಎಣಿಸುತ್ತದೆ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ತಿರುಗುಬಲ ಕೊಡುವುದರಿಂದ ಅದು ಥಟ್ಟನೆ ವೇಗ ಪಡೆಯುತ್ತದೆ, ಕಣ್ಣು ಅತ್ಯಂತ ಕಳಪೆಯಾಗಿ ಅಳೆಯುವುದೂ ಅದನ್ನೇ. ಕಾರಿನಷ್ಟು ಟೈರಿನ ಸದ್ದೂ ಅದಕ್ಕಿಲ್ಲ. ಕಾರು ಹೋಗಲಾಗದ ಓಣಿ, ಅಂಗಡಿಸಾಲು, ಶಾಲೆಯ ಗೇಟು, ಕೆಲವೊಮ್ಮೆ ಪಾದಚಾರಿ ಮಾರ್ಗದ ಮೇಲೂ ಓಡುವುದು ಅದೇ. ಕೆಲವು ತಯಾರಕರು ತಮ್ಮ ಸ್ಕೂಟರ್‌ಗಳಿಗೆ ಸ್ವಯಂಪ್ರೇರಣೆಯಿಂದ ಕೃತಕ ಸದ್ದು ಸೇರಿಸಿದ್ದಾರೆ, ಆದರೆ ಅದು ಬೇಕೆಂದರೆ ಹಾಕುವ, ಬೇಡವೆಂದರೆ ಆರಿಸುವ ಸೌಕರ್ಯವಾಗಿದ್ದರೆ ಪಾದಚಾರಿಯ ಮಿದುಳಿಗೆ ಅದರಿಂದ ಕಲಿಯಲು ಏನೂ ಇರುವುದಿಲ್ಲ. ಒಂದು ಸದ್ದು ಒಂದು ಬಗೆಯ ಚಲನೆಯೊಂದಿಗೆ ತಪ್ಪದೆ ಜೊತೆಗೂಡಿ ಬಂದರೆ ಮಾತ್ರ ಮಿದುಳು ಅವೆರಡನ್ನು ಬೆಸೆದುಕೊಳ್ಳುತ್ತದೆ. ಒಂದೊಂದು ಕಂಪನಿ ಒಂದೊಂದು ರಾಗ ಹಾಡುವ ಬದಲು, ವೇಗಕ್ಕೂ ಶ್ರುತಿಗೂ ಇರುವ ಸಂಬಂಧವನ್ನು ಎಲ್ಲ ವಾಹನಗಳಿಗೂ ಒಂದೇ ಬಗೆಯಲ್ಲಿ ನಿಗದಿಪಡಿಸಿ, ಅದನ್ನು ಆರಿಸಲು ಸವಾರರಿಗೆ ಅವಕಾಶ ಕೊಡದೆ, ‘ಎಲ್’ ವರ್ಗಕ್ಕೂ ವಿಸ್ತರಿಸುವುದು ಸಚಿವಾಲಯವು ಅಂತಿಮ ನಿಯಮದಲ್ಲಿ ಮಾಡಬಹುದಾದ ಮೊದಲ ತಿದ್ದುಪಡಿ.